ಮುಖ ನೋಡಲು ಬಂದವರು

“ಇನ್ನೊಂಚೂರು ಎತ್ತು ಅಕ್ಕ, ಗುಂಡಿ ಕೂರ್ತಾ ಇಲ್ಲ.”

ಗುಬ್ಬಿ ಅಪ್ಪನ ಕತ್ತಿನಡಿ ಕೈ ತೂರಿಸಿ ತಲೆ ಎತ್ತಿ ಹಿಡಿದಳು. ತಣ್ಣಗಿತ್ತು, ಭಾರವಾಗಿತ್ತು. ತಮ್ಮ ಕಾಲರಿನ ಗುಂಡಿಯ ಜೊತೆ ಗುದ್ದಾಡುತ್ತಿದ್ದ. ಲಿಫ್ಟಿನ ಮೋಟರು ಬಿಚ್ಚಿ ಜೋಡಿಸುವ ಕೈ ಅವನದು. ಇಷ್ಟು ಸಣ್ಣ ಗುಂಡಿ ಆ ಬೆರಳುಗಳಿಗೆ ಸಿಕ್ಕದೆ ಜಾರಿ ಜಾರಿ ಹೋಗುತ್ತಿತ್ತು.

“ಮೇಲಿನದು ಬಿಟ್ಬಿಡೋ. ಬದುಕಿದ್ದಾಗ ಯಾವತ್ತು ಹಾಕ್ಕೊಂಡಿದ್ರು?”

“ಬಂದೋರು ಏನಂದ್ಕೋತಾರೆ?”

“ಬರೋರು ಯಾರಿದಾರೋ ಇವತ್ತು? ಊರಿಗೆ ಊರೇ ಬಾಗಿಲು ಹಾಕ್ಕೊಂಡು ಕೂತಿದೆ.”

ತಮ್ಮ ಸೋತು ಕೈ ತೆಗೆದ. ಗುಬ್ಬಿ ಅಪ್ಪನ ತಲೆಯನ್ನು ಮೆಲ್ಲಗೆ ದಿಂಬಿನ ಮೇಲಿಟ್ಟು, ಕಿವಿಯ ಮೇಲೆ ಬಿದ್ದ ಬಿಳಿ ಕೂದಲನ್ನು ಹಿಂದಕ್ಕೆ ಸರಿಸಿದಳು. ಹೆಸರಿಗೆ ಗುಬ್ಬಿ, ನಲವತ್ತಾರು ತುಂಬಿ, ಮೆಟ್ಟಿಲು ಹತ್ತುವಾಗ ಮಂಡಿ ಹಿಡಿದು ನರಳುವ ಹೆಂಗಸು. ಅಪ್ಪ ಇಟ್ಟ ಅಡ್ಡಹೆಸರು ಬೀದಿಯವರ ಬಾಯಲ್ಲಿ ಹಾಗೇ ಉಳಿದುಬಿಟ್ಟಿತ್ತು. ಆ ಹೆಸರಿನಿಂದ ಮೊದಲು ಕರೆದವರೇ ಈಗ ಇಲ್ಲ.

ಮನೆ ಮೇಲೆ, ಫೋಟೋ ಸ್ಟುಡಿಯೋ ಕೆಳಗೆ. ಮೆಟ್ಟಿಲಿನ ತಿರುವಿನಲ್ಲಿ ಶವದ ಪೆಟ್ಟಿಗೆ ತಿರುಗುವುದಿಲ್ಲವೆಂದು ಆಸ್ಪತ್ರೆಯಿಂದ ತಂದವರು ಸ್ಟುಡಿಯೋದಲ್ಲೇ ಎರಡು ಬೆಂಚು ಜೋಡಿಸಿ ಇಟ್ಟುಹೋಗಿದ್ದರು. ಹಿಂದೆ ಬಣ್ಣದ ಪರದೆ. ಅದರಲ್ಲಿ ಮೋಡ, ಮೋಡದಿಂದ ಇಳಿದುಬರುವ ಬಿಳಿ ಮೆಟ್ಟಿಲು. ಪಕ್ಕದಲ್ಲಿ ಬೆಳಕಿನ ಕೊಡೆ. ಐವತ್ತು ವರ್ಷ ಕ್ಯಾಮೆರಾದ ಹಿಂದೆ ನಿಂತು ಪರರಿಗೆಲ್ಲ ಗದ್ದ ಕೆಳಗೆ, ಗದ್ದ ಮೇಲೆ ಎನ್ನುತ್ತಿದ್ದ ಮನುಷ್ಯ ಕೊನೆಗೂ ಅದರ ಮುಂದೆ ಬಂದು ಮಲಗಿದ್ದರು. ಅದೂ ಗದ್ದ ತುಸು ಮೇಲೆ ಮಾಡಿಕೊಂಡು.

ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ಅಪ್ಪನ ತಂಗಿ, ಅತ್ತೆ, ಒಂದು ಕೈಯಲ್ಲಿ ಗೋಡೆ ಹಿಡಿದು ಇನ್ನೊಂದರಲ್ಲಿ ಫೋನು ಹಿಡಿದು ಇಳಿದುಬಂದರು. ಬೆಳಗಿನಿಂದ ಅತ್ತು ಅತ್ತು ಅವರ ಮೂಗು ಕೆಂಪಗಾಗಿತ್ತು. ಈಗ ಮಾತ್ರ ಅಳು ಪಕ್ಕಕ್ಕಿಟ್ಟು ಬಂದಿದ್ದರು.

“ಗುಬ್ಬೀ, ಇದೇನೇ ಇದು? ನಮ್ಮಣ್ಣ ಹೋದ ಸುದ್ದಿಗೆ ಯಾವನೋ ಹುಡುಗನ ಫೋಟೋ ಹಾಕಿದ್ದೀಯಲ್ಲ?”

“ಅಪ್ಪಂದೇ ಅತ್ತೆ ಅದು. ಬೆಳಿಗ್ಗೆ ಸ್ವಲ್ಪ ಸರಿ ಮಾಡಿದೆ, ಅಷ್ಟೆ.”

“ಸರಿ ಮಾಡಿದ್ಯೋ, ಹೊಸದಾಗಿ ಹೆತ್ತುಬಿಟ್ಯೋ?” ಅತ್ತೆ ಫೋನನ್ನು ಅವಳ ಮೂಗಿಗೆ ಹಿಡಿದರು. “ನಮ್ಮಣ್ಣನ ಬೆನ್ನಿಗೆ ಹುಟ್ಟಿದೋಳು ನಾನು. ಹತ್ತರಲ್ಲೂ ನೋಡಿದೀನಿ, ಇಪ್ಪತ್ತರಲ್ಲೂ ನೋಡಿದೀನಿ. ಯಾವತ್ತೂ ಹೀಗಿರ್ಲಿಲ್ಲ ಅವನು. ಇವನು ಬೇರೆ ಯಾರೋ ಕಣೇ.”

ಗುಬ್ಬಿ ಫೋನು ತೆಗೆದುಕೊಂಡು ನೋಡಿದಳು. ದಪ್ಪ ಕಪ್ಪು ಹುಬ್ಬು. ನಯವಾದ ಹಣೆ. ನಗು ಬರುವ ಮುಂಚಿನ ತುಟಿ.

ತಮ್ಮ ಅವಳ ಹೆಗಲ ಮೇಲಿಂದ ಬಗ್ಗಿ ನೋಡಿದ.

“ಅಕ್ಕಾ... ಇದು ಆ ಪಾರ್ಸೆಲ್ ಹುಡುಗ ಅಲ್ವಾ? ಚೌಕದಲ್ಲಿ ಕಾಣೆಯಾದೋನು?”

“ಹುಚ್ಚಾಪಟ್ಟೆ ಮಾತಾಡ್ಬೇಡ.”

“ಕೆಳಗಡೆ ಏನ್ ಬರ್ದಿದಾರೆ ಓದು ಹಾಗಾದ್ರೆ.”

ಕೆಳಗೆ ನೂರಾರು ಜನ ಬರೆದಿದ್ದರು. ಒಬ್ಬರ ಪರಿಚಯವೂ ಇಲ್ಲ. ‘ನಿನ್ನ ರಕ್ತ ಸುಮ್ಮನೆ ಹೋಗಲ್ಲ ತಮ್ಮಾ.’ ‘ಕೊನೆಗೂ ಸಿಕ್ಕಿದೆಯಾ ಮಗನೇ.’ ‘ಹನ್ನೆರಡಕ್ಕೆ ಎಲ್ಲರೂ ಬನ್ನಿ, ಕೊಂದವರು ಮುಚ್ಚಿಹಾಕುವ ಮೊದಲು ಬನ್ನಿ.’

“ನಮ್ಮಣ್ಣಂಗೆ ಎಪ್ಪತ್ಮೂರು,” ಅಂದರು ಅತ್ತೆ, ಕಕ್ಕಾಬಿಕ್ಕಿಯಾಗಿ. “ಅವನನ್ನ ಯಾಕೆ ಮಗನೇ ಅಂತಿದಾರೆ ಇವರೆಲ್ಲ?”

*

ಎರಡು ವಾರದಿಂದ ಊರು ಹೊತ್ತಿ ಉರಿಯುತ್ತಿತ್ತು. ಗೋಪುರದ ಚೌಕದಲ್ಲಿ ಜನ ಕೂತಿದ್ದರು, ಪೊಲೀಸರು ನಿಂತಿದ್ದರು. ಒಂದು ಸಂಜೆ ದೀಪ ಆರಿ, ಗುಂಡು ಹಾರಿ, ಆಮೇಲೆ ಕೆಲವರು ಮನೆಗೆ ಬರಲೇ ಇಲ್ಲ.

ಗುಬ್ಬಿ ಇದನ್ನೆಲ್ಲ ಕಂಡದ್ದು ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಅಂಗೈಯಗಲದ ಪರದೆಯಲ್ಲಿ. ಬಾಗಿಲಾಚೆ ಅಪ್ಪ ಮಲಗಿದ್ದರು. ಡಾಕ್ಟರು ಅವಳನ್ನು ಪಕ್ಕಕ್ಕೆ ಕರೆದು, ಇನ್ನೇನೂ ಮಾಡೋಕಿಲ್ಲ, ಜೊತೇಲಿರಿ ಅಂದಿದ್ದರು. ಜೊತೆಯಲ್ಲಿರುವುದೆಂದರೆ ಏನೆಂದು ಮಾತ್ರ ಹೇಳಿಕೊಡಲಿಲ್ಲ. ಕೊಳವೆ ಸಿಕ್ಕಿಸಿದ ಆ ಮೂಗನ್ನು, ದಿನದಿನಕ್ಕೆ ಒಳಗೆ ಹೋಗುತ್ತಿದ್ದ ಆ ಕೆನ್ನೆಯನ್ನು ಐದು ನಿಮಿಷಕ್ಕಿಂತ ಹೆಚ್ಚು ನೋಡಲಾಗದೆ ಅವಳು ಕಣ್ಣು ತಪ್ಪಿಸುತ್ತಿದ್ದಳು. ಫೋನು ತೆಗೆದರೆ ಅಲ್ಲಿ ಇನ್ನೊಂದು ಸಂಕಟವಿತ್ತು. ಅದು ದೊಡ್ಡದು, ಎಲ್ಲರದು. ಅದರ ಜೊತೆಗೆ ಕೂಗಾಡಬಹುದಿತ್ತು, ಬೈಯಬಹುದಿತ್ತು, ನಾಲ್ಕು ಜನಕ್ಕೆ ಹಂಚಬಹುದಿತ್ತು. ತನ್ನದನ್ನು ಯಾರಿಗೆ ಹಂಚುತ್ತಾಳೆ?

ಪಾರ್ಸೆಲ್ ಹುಡುಗ ಕಂಡದ್ದು ಅಲ್ಲಿಯೇ. ಬೆನ್ನಿಗೆ ಡಬ್ಬ ಕಟ್ಟಿಕೊಂಡು ಯಾರದೋ ಸಾಮಾನು ಕೊಡಲು ಚೌಕ ದಾಟುತ್ತಿದ್ದವನು, ದಾಟಿ ಆಚೆ ಬರಲಿಲ್ಲ. ಅವನ ತಾಯಿ ಫೋಟೋ ಎದೆಗೊತ್ತಿಕೊಂಡು ವಿಡಿಯೋದಲ್ಲಿ ಹೇಳುತ್ತಿದ್ದಳು: “ಮುಖ ನೆನಪಿಟ್ಕೊಳ್ಳಿ. ಎಲ್ಲಾದ್ರೂ ಕಂಡ್ರೆ ನನಗೆ ಹೇಳಿ. ಮುಖ ಮರೀಬೇಡಿ.” ಗುಬ್ಬಿ ಮರೆಯಲಿಲ್ಲ. ದಿನವೂ ಅದನ್ನು ಹಂಚಿದಳು. ದೊಡ್ಡದು ಮಾಡಿ, ಹತ್ತಿರ ತಂದು, ಕಣ್ಣಿನ ಮೂಲೆ, ಹುಬ್ಬಿನ ತಿರುವು, ಕಿವಿಯ ಹಾಲೆ ಎಲ್ಲ ನೋಡಿದಳು. ಮುಖ ನೋಡುವುದು ಅವಳ ಕಸುಬು. ಒಮ್ಮೆ ಹಿಡಿದರೆ ಬಿಡುವವಳಲ್ಲ.

ಒಂದು ಮಧ್ಯಾಹ್ನ ಅಪ್ಪನಿಗೆ ಎಚ್ಚರವಿತ್ತು.

“ಏನೇ, ಊರು ಉಳೀತಾ?”

“ಇನ್ನೂ ಇದೆ ಅಪ್ಪ.”

“ಅದೇನು ಹಗಲೂ ರಾತ್ರಿ ನೋಡ್ತೀಯ? ತೋರ್ಸು.”

ಅವಳು ತೋರಿಸಿದಳು. ಅಪ್ಪ ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದರು.

“ಹುಬ್ಬು ನೋಡು. ನನ್ನದೇ. ನಾನೂ ಆ ವಯಸ್ಸಲ್ಲಿ ಹೀಗೇ ಇದ್ದೆ.”

ಗುಬ್ಬಿಗೆ ನಗು ಬಂತು. ಚೆಂದದ ಹುಡುಗ ಯಾವನನ್ನು ಕಂಡರೂ ನಾನೂ ಹೀಗೇ ಇದ್ದೆ ಎನ್ನುವುದು ಅಪ್ಪನ ಹಳೆಯ ಚಾಳಿ. ಸ್ಟುಡಿಯೋಗೆ ಬಂದ ಮದುಮಗನಿಗೂ ಹಾಗೇ ಹೇಳಿ, ಅವನು ಅಪ್ಪನ ಬೋಳುನೆತ್ತಿ ನೋಡಿ ಹೆದರಿಕೊಂಡದ್ದುಂಟು.

“ಗುಬ್ಬೀ.”

“ಹ್ಞೂಂ.”

“ನನ್ನ ಮುಖಾನೂ ಒಂಚೂರು ನೋಡೇ.”

“ನೋಡ್ತಾನೇ ಇದೀನಲ್ಲಪ್ಪ,” ಅಂದಳು, ಪರದೆಯಿಂದ ಕಣ್ಣು ತೆಗೆಯದೆ. ಚೌಕದಲ್ಲಿ ಆಗ ಏನೋ ಹೊಗೆ ಏಳುತ್ತಿತ್ತು.

ಮಾರನೆಯ ಸಂಜೆ ಅಪ್ಪ ಹೋದರು.

*

ಹತ್ತು ಗಂಟೆಗೆ ಎದುರು ಅಂಗಡಿಯ ಗಡಿಯಾರ ರಿಪೇರಿಯವರು ಬಂದರು. ಅಪ್ಪನ ಜೊತೆ ದಿನಕ್ಕೆರಡು ಸಲ ಚಹಾ ಕುಡಿದು, ಮೂರು ಸಲ ಜಗಳವಾಡುತ್ತಿದ್ದ ಗೆಳೆಯರು. ಅರ್ಧ ಎತ್ತಿದ್ದ ಷಟರಿನಡಿ ಬಗ್ಗಿ ಒಳಗೆ ಬಂದವರು, ಪೆಟ್ಟಿಗೆಯ ಹತ್ತಿರ ಹೋಗುವ ಮೊದಲು ತಿರುಗಿ ಷಟರನ್ನು ಇನ್ನಷ್ಟು ಕೆಳಗೆ ಎಳೆದರು.

“ಏನಮ್ಮ ಇದು, ಹೊರಗೆ ಜನ ಸೇರ್ತಿದಾರಲ್ಲ?”

“ಯಾವ ಜನ ಮಾಮ?”

“ಅದೇ ಗೊತ್ತಾಗ್ತಿಲ್ಲ. ನಮ್ಮೋರಲ್ಲ. ಮಾತಿಲ್ಲ, ಕತೆಯಿಲ್ಲ. ಗರ ಬಡಿದೋರ ಹಾಗೆ ನಿಂತಿದಾರೆ.”

ಗುಬ್ಬಿ ಪ್ರದರ್ಶನದ ಗಾಜಿನ ಹಿಂದೆ ಹೋಗಿ ಇಣುಕಿದಳು. ಗಾಜಿಗೆ ಒತ್ತಿ ಇಟ್ಟ ಹಳೆಯ ಮಾದರಿ ಫೋಟೋಗಳ ಸಂದಿಯಲ್ಲಿ ಬೀದಿ ಕಂಡಿತು. ಎದುರಿನ ಫುಟ್‌ಪಾತಿನ ಉದ್ದಕ್ಕೂ ಜನ. ಹೆಚ್ಚಿನವರು ಎಳೆಯರು, ನಡುವೆ ಕೆಲವು ಹೆಂಗಸರು. ಘೋಷಣೆ ಇಲ್ಲ, ಬಾವುಟ ಇಲ್ಲ, ಒಬ್ಬರಿಗೊಬ್ಬರು ಮಾತನಾಡುವುದೂ ಇಲ್ಲ. ಎಲ್ಲರ ಕೈಯಲ್ಲೂ ಫೋನು, ಫೋನನ್ನು ಎದೆಯ ಮಟ್ಟಕ್ಕೆ ಎತ್ತಿ ಸ್ಟುಡಿಯೋ ಕಡೆ ತಿರುಗಿಸಿ ಹಿಡಿದಿದ್ದರು. ಒಂದೊಂದು ಫೋನಿನಲ್ಲೂ ಅದೇ ಮುಖ. ಅವಳು ಬೆಳಿಗ್ಗೆ ಮಾಡಿದ ಮುಖ. ಮೋಡ ಕವಿದ ಬೆಳಕಿನಲ್ಲಿ ಹಿಡಿದವರ ಮುಖಗಳು ಮಬ್ಬಾಗಿ, ಆ ಮುಖ ಮಾತ್ರ ನೂರು ಕಡೆ ಹೊಳೆಯುತ್ತ ಅವಳನ್ನೇ ನೋಡುತ್ತಿತ್ತು.

ಅವಳು ಹಿಂದೆ ಸರಿದಳು.

“ತಪ್ಪಾಗಿದೆ ಅಂತ ಹಾಕ್ಬಿಡು,” ಅಂದ ತಮ್ಮ. “ಇವನು ಅವನಲ್ಲ, ಇವರು ನಮ್ಮಪ್ಪ, ವಯಸ್ಸಾಗಿತ್ತು, ಕಾಯಿಲೆಯಿಂದ ಹೋದ್ರು, ಮುಗೀತು. ಕೊಡು, ನಾನು ಬರೀತೀನಿ.”

ಅವನು ಬರೆದ. ಒತ್ತಿದ. ಫೋಟೋದ ಮೇಲೆ ಸಣ್ಣದೊಂದು ಚಕ್ರ ಸುತ್ತತೊಡಗಿತು. ಸುತ್ತಿತು, ಸುತ್ತಿತು, ಸುತ್ತುತ್ತಲೇ ಇತ್ತು. ಆ ಚಕ್ರದ ಹಿಂದಿನಿಂದ ಹುಡುಗ ತಾಳ್ಮೆಯಿಂದ ನೋಡುತ್ತಿದ್ದ.

“ನೆಟ್ ಕಡಿದಿದಾರೆ,” ಅಂದರು ಗಡಿಯಾರದವರು. “ಈಗ ತಾನೇ. ಊರಿಗೆಲ್ಲ ಕಡಿದಿದಾರಂತೆ.”

“ಹಾಕಿದ್ದನ್ನ ತೆಗೆಯೋಕೂ ಆಗಲ್ವಾ?”

“ಹೋದದ್ದು ಹೋಯ್ತು. ಇನ್ನು ಅದು ನಿಂದಲ್ಲ.”

ತಮ್ಮ ಹಿತ್ತಲ ಬಾಗಿಲ ಕಡೆ ನೋಡಿದ. ಶವದ ಗಾಡಿ ಹನ್ನೆರಡಕ್ಕೆ ಬರಬೇಕು. ಗಾಡಿಯವನಿಗೆ ಹೇಳಿ ಹಿಂದಿನ ಓಣಿಗೆ ತರಿಸಿದರೆ, ಯಾರಿಗೂ ಗೊತ್ತಾಗದ ಹಾಗೆ ಎತ್ತಿಕೊಂಡು ಹೋಗಿ ಮಣ್ಣು ಮಾಡಿ ಬಂದುಬಿಡಬಹುದು. “ಇವರು ಪೆಟ್ಟಿಗೆ ಕಿತ್ಕೊಂಡು ಚೌಕಕ್ಕೆ ಹೊತ್ಕೊಂಡು ಹೋದ್ರೆ ಏನ್ ಮಾಡ್ತೀಯ? ಹಿಂದೆ ಪೊಲೀಸರು ಬರ್ತಾರೆ. ಅಪ್ಪನ ಮೈಗೆ ಲಾಠಿ ಬೀಳ್ಬೇಕಾ?”

“ಹಿಂದಿನ ಬಾಗಿಲಿಂದ ಸಾಗಿಸೋಕೆ ಕಳ್ಳಮಾಲೇನೋ ನಮ್ಮಣ್ಣ?” ಅತ್ತೆ ಸಿಡುಕಿದರು. “ಜೀವಮಾನದಲ್ಲಿ ಒಬ್ಬರ ತಂಟೆಗೆ ಹೋದೋನಲ್ಲ. ಮುಂದಿನ ಬಾಗಿಲಿಂದಲೇ ಹೋಗ್ತಾನೆ.”

ಗುಬ್ಬಿಯ ತಲೆಯಲ್ಲಿ ಆ ನೂರು ಜನ ಇರಲಿಲ್ಲ, ಪೊಲೀಸರೂ ಇರಲಿಲ್ಲ. ಈ ಮುಖ ಇಷ್ಟು ಜನರಿಗೆ ತಲುಪಿದೆ ಅಂದಮೇಲೆ ಇನ್ನೊಬ್ಬಳಿಗೂ ತಲುಪಿರುತ್ತದೆ. ಆ ತಾಯಿ ಎಲ್ಲಿದ್ದಾಳೋ, ಈಗ ಹೊರಟಿರುತ್ತಾಳೆ.

*

ಅದೇ ದಿನ ಬೆಳಗಿನ ಮೊದಲ ಬೆಳಕಿಗೆ ಗುಬ್ಬಿ ಕಂಪ್ಯೂಟರಿನ ಮುಂದೆ ಕೂತಿದ್ದಳು. ಸುದ್ದಿ ಹಾಕಬೇಕು, ಸುದ್ದಿಗೊಂದು ಫೋಟೋ ಬೇಕು. ಅರ್ಧ ಊರಿನ ಮುಖಗಳಿದ್ದ ಆ ಯಂತ್ರದಲ್ಲಿ ಹುಡುಕಿದರೆ ಅಪ್ಪನದೊಂದು ಫೋಟೋ ಇಲ್ಲ! ಗುರುತಿನ ಚೀಟಿಗೆಂದು ತಮ್ಮ ಯಾವಾಗಲೋ ತೆಗೆದ ಒಂದೇ ಒಂದು ಸಿಕ್ಕಿತು. ಅದರಲ್ಲಿ ಅಪ್ಪ, ಸಿಕ್ಕಿಬಿದ್ದ ಜೇಬುಗಳ್ಳನ ಹಾಗೆ ಕಣ್ಣು ಬಿಟ್ಟಿದ್ದರು. ಪಾಸ್‌ಪೋರ್ಟ್ ಫೋಟೋಗೆ ಬಂದ ಗಿರಾಕಿಗಳಿಗೆಲ್ಲ “ನಗಬೇಡಿ, ನಗೋರಿಗೆ ಯಾವ ದೇಶದೋರೂ ಬಾಗಿಲು ತೆಗೆಯಲ್ಲ” ಎನ್ನುತ್ತಿದ್ದವರು ತಮ್ಮ ಮಾತನ್ನು ತಾವೇ ಪಾಲಿಸಿದ್ದರು.

ಇದನ್ನು ಹೇಗೆ ಹಾಕುವುದು? ಅವಳು ಸರಿ ಮಾಡಲು ಕೂತಳು. ಬಂದ ಮುಖಕ್ಕೆಲ್ಲ ಮಾಡುವುದನ್ನೇ ಮಾಡಿದಳು. ಕಣ್ಣಡಿಯ ಚೀಲ ತೆಗೆದಳು. ಹಣೆಯ ಗೆರೆ ಒರೆಸಿದಳು. ಕೆನ್ನೆಯ ಕಲೆ ಅಳಿಸಿದಳು. ಗಿರಾಕಿಯ ಮುಖ ಎಲ್ಲಿಯವರೆಗೆ ತಿದ್ದಬೇಕು ಎನ್ನುವುದಕ್ಕೆ ಅಪ್ಪನದೊಂದು ಲೆಕ್ಕವಿತ್ತು: “ಹೆಂಡತಿ ಗುರುತು ಹಿಡಿಯೋವಷ್ಟಾದ್ರೂ ಉಳಿಸೇ.” ಅಷ್ಟಕ್ಕೆ ನಿಲ್ಲಿಸಬೇಕಿತ್ತು. ಕೈ ನಿಲ್ಲಲಿಲ್ಲ. ಬೋಳು ನೆತ್ತಿಗೆ ಕಪ್ಪು ಕೂದಲು ಕೊಟ್ಟಿತು. ಹುಬ್ಬು ದಪ್ಪ ಮಾಡಿತು. ತುಟಿಯ ಅಂಚನ್ನು ಒಂದೆಳೆ ಮೇಲಕ್ಕೆತ್ತಿತು. ದವಡೆಯನ್ನು ಇಷ್ಟು ಒಳಗೆ ತಂದಿತು, ಕಿವಿಯ ಹಾಲೆಯನ್ನು ಇಷ್ಟು ಕಿರಿದು ಮಾಡಿತು. ಎಲ್ಲಿ ಎಷ್ಟು ಎಂದು ಯೋಚಿಸಬೇಕಾಗಿಯೇ ಬರಲಿಲ್ಲ. ಕೈಗೆ ಮೊದಲೇ ಗೊತ್ತಿದ್ದ ಹಾಗಿತ್ತು. ನಿದ್ದೆಗೆಟ್ಟ ಕಣ್ಣು ಮಂಜಾಗಿತ್ತು. ನೋವಿಲ್ಲದ, ಕೊಳವೆಯಿಲ್ಲದ ಒಂದು ಮುಖ ಪರದೆಯ ಮೇಲೆ ಎದ್ದು ಬಂದಾಗ ಅವಳಿಗೆ ಎಷ್ಟು ಸಮಾಧಾನವಾಯಿತೆಂದರೆ, ಅದನ್ನು ನೋಡುತ್ತ ಬಿಕ್ಕಿ ಬಿಕ್ಕಿ ಅತ್ತಳು. ಇದು ಯಾವ ವಯಸ್ಸಿನ ಅಪ್ಪ ಎಂದು ಕೇಳಿಕೊಳ್ಳಲಿಲ್ಲ.

ಹೆಸರು ಬರೆಯಲಿಲ್ಲ. ಬೀದಿಯವರಿಗೆಲ್ಲ ಅವರು ಸ್ಟುಡಿಯೋದವರು, ಹೆಸರು ಯಾರಿಗೆ ಬೇಕು? ‘ನಮ್ಮವರು ಇನ್ನಿಲ್ಲ. ಮುಖ ನೋಡುವವರು ಹನ್ನೆರಡರೊಳಗೆ ಬನ್ನಿ’ ಎಂದು ವಿಳಾಸ ಹಾಕಿ ಕಳಿಸಿಬಿಟ್ಟಳು. ಅವಳ ಅದೇ ಪುಟದಲ್ಲಿ ಅದರ ಹಿಂದಿನ ದಿನ, ಅದರ ಹಿಂದಿನ ದಿನ, ವಾರವಿಡೀ ಅವಳು ಹಂಚಿದ್ದು ಪಾರ್ಸೆಲ್ ಹುಡುಗನ ಫೋಟೋವನ್ನೇ. ನೋಡಿದವರು ಎರಡನ್ನೂ ಸೇರಿಸಿ ಓದಿಕೊಂಡರು.

*

ಹೊರಗಿನ ಮೌನ ಬದಲಾಯಿತು. ಸದ್ದಿಲ್ಲದೆಯೇ ಬದಲಾಯಿತು, ಜನ ಕಾಲು ಸರಿಸಿ ದಾರಿ ಬಿಡುವ ಸರಸರ ಮಾತ್ರ ಕೇಳಿಸಿತು. ಷಟರಿನಡಿಯಲ್ಲಿ ಎರಡು ಪಾದ ಬಂದು ನಿಂತವು. ಧೂಳು ಮೆತ್ತಿದ ರಬ್ಬರ್ ಚಪ್ಪಲಿ, ಒಂದರ ಬಾರನ್ನು ದಾರದಿಂದ ಕಟ್ಟಿತ್ತು.

“ತೆಗೀಬೇಡ ಅಕ್ಕ,” ತಮ್ಮ ಪಿಸುಗುಟ್ಟಿದ. “ನಾನು ಹೊರಗೆ ಹೋಗಿ ಹೇಳಿ ಕಳಿಸ್ತೀನಿ.”

“ಹಾಕಿದ್ದು ನಾನು.”

ಗುಬ್ಬಿ ಷಟರು ಎತ್ತಿದಳು. ವಿಡಿಯೋದಲ್ಲಿ ಕಂಡದ್ದಕ್ಕಿಂತ ಗಿಡ್ಡಗಿದ್ದಳು ತಾಯಿ. ಐವತ್ತರ ಆಚೀಚೆ ಇರಬಹುದು. ಜೊತೆಯಲ್ಲಿ ಯಾರನ್ನೂ ಒಳಗೆ ಬಿಟ್ಟುಕೊಳ್ಳದೆ ಒಬ್ಬಳೇ ಬಂದಳು, ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟಳು. ಪೆಟ್ಟಿಗೆಯ ಕಡೆ ನೋಡಲಿಲ್ಲ. ನೇರ ಗುಬ್ಬಿಯ ಹತ್ತಿರ ಬಂದು ಅವಳ ಎರಡೂ ಕೈ ಹಿಡಿದುಕೊಂಡಳು.

“ನೀವೇನಾ? ದಿನಾ ಅವನ ಫೋಟೋ ಹಾಕ್ತಿದ್ದೋರು?”

“ಹೌದು, ಆದ್ರೆ...”

“ಸ್ನಾನ ಮಾಡ್ಸಿ ಬಟ್ಟೆ ಹಾಕಿದ್ದೀರಂತೆ. ಹೊರಗೆ ಹೇಳಿದ್ರು. ಯಾರದೋ ಮಗ ಅಂತ ಬಿಸಾಕದೆ ಮನೆಗೆ ತಂದ್ರಲ್ಲ. ನಿಮ್ಮ ಋಣ ಯಾವ ಜನ್ಮಕ್ಕೂ ತೀರಲ್ಲ ತಾಯೀ.” ಅವಳ ಕಣ್ಣಲ್ಲಿ ನೀರಿರಲಿಲ್ಲ. ಮುಖದಲ್ಲಿದ್ದದ್ದು ಸುಸ್ತು, ಮತ್ತು ಅದರ ಮೇಲೆ ಬಹಳ ದೂರ ನಡೆದು ಬಂದವರು ಕೂರಲು ಜಾಗ ಕಂಡಾಗಿನ ನೆಮ್ಮದಿ. “ಎಲ್ಲ ಆಸ್ಪತ್ರೆ ಸುತ್ತಿದೆ. ಎಲ್ಲ ಠಾಣೆ ಸುತ್ತಿದೆ. ಶವ ಇಡೋ ಕೋಣೇಲಿ ಒಂದೊಂದೇ ಬಟ್ಟೆ ಎತ್ತಿ ತೋರ್ಸಿದ್ರು. ಪ್ರತಿ ಸಲ ಅವನಾಗಿರ್ಬಾರದು ಅಂತಿದ್ದೆ. ನಿನ್ನೆ ಹೊತ್ತಿಗೆ ಅವನೇ ಆಗಿರ್ಲಿ ಅಂದ್ಕೊಂಡೆ. ಹೆತ್ತೋಳು ಅನ್ನೋ ಮಾತಾ ಅದು? ಆದ್ರೂ ಅಂದ್ಕೊಂಡೆ. ಇವತ್ತು ಸಿಕ್ಕಿದನಲ್ಲ, ಸಾಕು.”

ಗುಬ್ಬಿ ಪೆಟ್ಟಿಗೆಯ ಕಡೆ ನೋಡಿದಳು. ನಿನ್ನ ಮಗ ಸತ್ತಿಲ್ಲ ಎಂದು ಹೇಳುವುದು ಒಳ್ಳೆಯ ಸುದ್ದಿಯೇ ಅಲ್ಲವೇ? ಆದರೆ ಅದೂ ತನಗೆ ಗೊತ್ತಿಲ್ಲ. ತಾನು ಹೇಳಬಲ್ಲದ್ದು ಇಷ್ಟೇ: ಇಲ್ಲಿಲ್ಲ. ಮತ್ತೆ ಹುಡುಕು.

“ಅಮ್ಮಾ, ಇವರು ನಿಮ್ಮ ಮಗ ಅಲ್ಲ.”

ತಾಯಿ ಕೈ ಬಿಡಲಿಲ್ಲ.

“ಇವರು ನಮ್ಮಪ್ಪ. ವಯಸ್ಸಾಗಿತ್ತು, ಕಾಯಿಲೆ ಇತ್ತು. ನಾನು ಆಸ್ಪತ್ರೇಲಿ ಕೂತು ದಿನಾ ನಿಮ್ಮ ಮಗನ ಮುಖ ನೋಡ್ತಿದ್ದೆ. ನಮ್ಮಪ್ಪ ನನ್ನ ನೋಡೇ ಅಂದ್ರು, ಅವರನ್ನ ನೋಡ್ದೆ ಅವನನ್ನೇ ನೋಡ್ತಿದ್ದೆ. ಬೆಳಿಗ್ಗೆ ಅಪ್ಪನ ಫೋಟೋ ತಿದ್ದೋಕೆ ಕೂತೆ. ಅವರ ಮುಖ ಅಳಿಸ್ತಾ ಹೋದೆ, ಕೈಗೆ ನಿಮ್ಮ ಮಗ ಬಂದ. ನನಗೆ ಗೊತ್ತಾಗ್ಲಿಲ್ಲ. ದೇವರಾಣೆಗೂ ಗೊತ್ತಾಗ್ಲಿಲ್ಲ.” ಅವಳ ದನಿ ಒಡೆಯಿತು. “ಬೈಯಿರಿ. ಎರಡು ಬಾರಿಸಿ ಬೇಕಾದ್ರೆ.”

ತಾಯಿ ಬೈಯಲಿಲ್ಲ. ಅವಳ ಬೆರಳು ಒಂದೊಂದಾಗಿ ಸಡಿಲವಾದವು.

“ಮುಖ ನೋಡ್ಲಾ?” ಅಂದಳು.

ತಮ್ಮ ಪೆಟ್ಟಿಗೆಯ ಪಕ್ಕದಿಂದ ಸರಿದು ನಿಂತ. ಅವಳು ಹತ್ತಿರ ಹೋಗಿ ಬಗ್ಗಿದಳು. ಗಡಿಯಾರದವರು ಟೊಪ್ಪಿಗೆ ತೆಗೆದರು. ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡರು. ಬೋಳು ನೆತ್ತಿ, ಗುಳಿಬಿದ್ದ ಕೆನ್ನೆ, ಹಣೆಯ ಮೇಲೆ ಉತ್ತಂಥ ಗೆರೆ, ಅದರಡಿ ಬೆಳ್ಳಗೆ ಕೆದರಿದ ಎರಡು ದಪ್ಪ ಹುಬ್ಬು. ತಾಯಿ ನೋಡಿದಳು. ಎಷ್ಟು ಹೊತ್ತು ನೋಡಿದಳೆಂದರೆ, ಹೊರಗಿನವರ ತಾಳ್ಮೆ ತಪ್ಪಿತು.

“ಅಮ್ಮಾ!” ಬೀದಿಯಿಂದ ಒಬ್ಬಳು ಹುಡುಗಿ ಕೂಗಿದಳು. “ಅವನೇನಾ? ಹೇಳಿ ಅಮ್ಮಾ. ಅವನೇ ಆದ್ರೆ ನಾವು ಹೊತ್ಕೊಂಡು ಹೋಗ್ತೀವಿ!”

ತಾಯಿ ಒಂದು ‘ಹ್ಞೂಂ’ ಅಂದರೆ ಸಾಕು, ಅಪ್ಪ ಈ ಕೋಣೆಯಿಂದ ಬೇರೊಬ್ಬರಾಗಿ ಹೊರಡುತ್ತಾರೆ. ಗುಬ್ಬಿಗೆ ಅದೂ ಹೊಳೆಯಿತು, ತಡೆಯುವ ಯೋಗ್ಯತೆ ತನಗಿಲ್ಲ ಎನ್ನುವುದೂ ಹೊಳೆಯಿತು.

ತಾಯಿ ತಿರುಗದೆಯೇ ಹೇಳಿದಳು. “ಅಲ್ಲ. ಇವರು ಈ ಮನೆ ಯಜಮಾನರು. ವಯಸ್ಸಾಗಿ ಹೋಗಿದಾರೆ. ಫೋನು ಇಳಿಸ್ರಪ್ಪ ಎಲ್ಲರೂ.”

ಮಾತು ಬಾಯಿಂದ ಬಾಯಿಗೆ ಹಿಂದಕ್ಕೆ ಹೋಯಿತು. ಒಂದೊಂದೇ ಪರದೆ ಕಪ್ಪಾಯಿತು. ಬೀದಿಯ ತುದಿಯವರೆಗೂ ಆ ಮುಖ ಆರುತ್ತ ಹೋಯಿತು. ಆದರೂ ಯಾರೂ ಕದಲಲಿಲ್ಲ. ಎಲ್ಲಿಗೆ ಹೋಗಬೇಕೆಂದು ಅವರಿಗೂ ಗೊತ್ತಿರಲಿಲ್ಲ.

ಹಿಂದೆಯೇ ಶವದ ಗಾಡಿ ಬಂದು ನಿಂತಿತು. ಗಾಡಿಯವನು ತಲೆ ಹಾಕಿ, “ಬೇಗ ಮಾಡಿ ಸ್ವಾಮಿ, ಸೇತುವೆ ಮುಚ್ತಾರಂತೆ,” ಅಂದ. ತಮ್ಮ ಪೆಟ್ಟಿಗೆಯ ಮುಚ್ಚಳ ಎತ್ತಿಕೊಂಡ. ತಾಯಿ ಮಾತ್ರ ಅಲ್ಲಾಡಲಿಲ್ಲ.

“ಎಷ್ಟಾಗಿತ್ತು ಇವರಿಗೆ?” ಅಂದಳು.

“ಎಪ್ಪತ್ಮೂರು,” ಅಂದಳು ಗುಬ್ಬಿ.

“ಎಪ್ಪತ್ಮೂರು.” ಬಾಯಲ್ಲಿಟ್ಟು ರುಚಿ ನೋಡುವವಳಂತೆ ಇನ್ನೊಮ್ಮೆ ಹೇಳಿದಳು. “ಮದುವೆ, ಪ್ರೀತಿಸಿ ಆದದ್ದೋ?”

“ಹೌದು. ಅಮ್ಮ ಫೋಟೋ ತೆಗೆಸ್ಕೊಳ್ಳೋಕೆ ಬಂದಿದ್ರಂತೆ. ಸರಿಯಾಗಿ ಬಂದಿಲ್ಲ, ಸರಿಯಾಗಿ ಬಂದಿಲ್ಲ ಅಂತ ಮೂರು ಸಲ ಕರೆಸ್ಕೊಂಡ್ರಂತೆ.”

ತಾಯಿಯ ತುಟಿಯಂಚು ಅಲುಗಿತು. “ಹೆಂಡತಿ ಜೊತೆ ಜಗಳ?”

“ಅಮ್ಮ ಹೋಗೋ ತನಕ ದಿನಾ.”

“ಕುಡೀತಿದ್ರಾ?”

“ಚಹಾ. ಬೇಕಾದಷ್ಟು.”

“ಮಕ್ಕಳು ನೀವಿಬ್ರೇ? ಮೊಮ್ಮಕ್ಕಳು?”

“ಇವನಿಗೆ ಒಬ್ಬಳು ಮಗಳು. ತಾತನ ಬೆನ್ನಿಳಿಯೋಳೇ ಅಲ್ಲ.”

“ಒಳ್ಳೇದಾಯ್ತು,” ಅಂದಳು ತಾಯಿ. “ಒಳ್ಳೇದಾಯ್ತು.” ಬೆಂಚಿನ ಅಂಚಿಗೆ ಕೂತಳು. ಕೈ ಚಾಚಿ ಒಂದು ಬೆರಳಿನಿಂದ ಆ ಬಿಳಿ ಹುಬ್ಬನ್ನು ಸವರಿದಳು, ಮೂಗಿನ ಕಡೆಯಿಂದ ಹೊರಕ್ಕೆ, ಎಳೆಗೂಸಿನ ಹುಬ್ಬು ತೀಡುವ ಹಾಗೆ. ಆಮೇಲೆ ಇನ್ನೊಂದನ್ನು. ಹಣೆಯ ಗೆರೆಗಳ ಮೇಲೆ ಒಂದೊಂದಾಗಿ ಬೆರಳಾಡಿಸಿದಳು, ಯಾವುದನ್ನೂ ಬಿಡಲಿಲ್ಲ. ತನಗಿಂತ ಇಪ್ಪತ್ತು ವರ್ಷ ದೊಡ್ಡವನಾದ ಆ ಮುದುಕನ ಮುಖಕ್ಕೆ ಮುಖ ತಂದು ನೋಡಿದಳು, ಮತ್ತು ಆಗ ಅವಳ ಕಣ್ಣು ತುಂಬಿತು.

“ಎಷ್ಟು ವಯಸ್ಸಾಗಿಬಿಟ್ಟಿದೆಯಲ್ಲೋ ನಿನಗೆ, ಕಂದಾ,” ಅಂದಳು.

ಗಾಡಿಯವನು ಹಾರ್ನ್ ಹೊಡೆದ. ತಮ್ಮ ಮುಚ್ಚಳ ಹಿಡಿದು ಗುಬ್ಬಿಯ ಮುಖ ನೋಡಿದ. ಗುಬ್ಬಿ ತಡಿ ಎಂದು ಕೈ ಅಡ್ಡ ಮಾಡಿದಳು. ತಾಯಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ, ನಾಲಿಗೆಗೆ ಒತ್ತಿ ಒದ್ದೆ ಮಾಡಿ, ಅಪ್ಪನ ಬಾಯಿಯ ಮೂಲೆ ಒರೆಸುತ್ತಿದ್ದಳು.